ಕ್ಲೆಮ್ ಡಾಬ್ಸ್ ಎರಡು ಸಲ ಹೇಳಿದ ಜೋಕು

ಕ್ಲೆಮ್ ಡಾಬ್ಸ್ ಒಳ್ಳೆಯ ಮನುಷ್ಯ ಎಂದು ನನ್ನ ಬಾಯಿಂದ ಹೊರಡಿಸಬೇಕೆಂದು ಅವನ ಮಗಳು ರೋಸ್ಲಿನ್ ನನ್ನ ಅಡಿಗೆಮನೆಯಲ್ಲಿ ಬಂದು ಕೂತಿದ್ದಳು. ಟೀ ಮಾಡಿಕೊಟ್ಟೆ. ಅಷ್ಟು ನನ್ನಿಂದಾಗುತ್ತದೆ. ಹನ್ನೊಂದು ವರ್ಷ ವೇದಿಕೆಯ ಮೇಲೆ ಅವನ ಪಕ್ಕದಲ್ಲಿ ನಿಂತವಳು ನಾನು. ಅವನಂಥ ಜಿಪುಣ, ಅವನಂಥ ಜಂಬಗಾರ, ಇನ್ನೊಬ್ಬರ ಜೋಕು ಕದ್ದು ತನ್ನದೆಂದು ಮೀಸೆ ತಿರುವುವ ಅವನಂಥ ಕಳ್ಳ ಇಡೀ ನ್ಯೂ ಸೌತ್ ವೇಲ್ಸ್‌ನಲ್ಲಿ ಇನ್ನೊಬ್ಬ ಇರಲಿಲ್ಲ. ಸತ್ತವರ ಬಗ್ಗೆ ಹಾಗೆಲ್ಲ ಅನ್ನಬಾರದಂತೆ. ಬದುಕಿದ್ದಾಗಲೂ ಅಂದಿದ್ದೇನೆ, ಅವನ ಮುಖದ ಮೇಲೇ ಅಂದಿದ್ದೇನೆ.

"ಡಲ್ಸಿ ಆಂಟಿ, ನಿಮ್ಮಿಬ್ಬರಿಗೂ ಆಗ್ತಿರ್ಲಿಲ್ಲ ಅಂತ ನನಗೆ ಗೊತ್ತು," ಎಂದಳು ರೋಸ್ಲಿನ್. "ಅಪ್ಪನ್ನ ಹೊಗಳಿ ಅಂತ ಕೇಳೋಕೆ ಬಂದಿಲ್ಲ. ಅವತ್ತು ಏನು ನಡೀತೋ ಅದನ್ನ ಹೇಳಿ, ಸಾಕು."

ವಿಷಯ ಇಷ್ಟು. ಪೋರ್ಟ್ ಕೆಂಬ್ಲಾದ ಗುಡ್ಡದ ಮೇಲಿನ ನಮ್ಮ ಸೈನಿಕರ ಕ್ಲಬ್ಬಿಗೆ ಹೊಸ ಗೋಡೆ ಕಟ್ಟಿಸಿದ್ದಾರೆ. ವಿಯೆಟ್ನಾಮಿನ ಯುದ್ಧಕ್ಕೆ ಹೋಗಿ ಹಾಡಿ, ಕುಣಿದು, ನಮ್ಮ ಸಿಪಾಯಿಗಳನ್ನು ನಗಿಸಿ ಬಂದವರ ಫೋಟೋಗಳನ್ನೆಲ್ಲ ಅಲ್ಲಿ ತೂಗುಹಾಕುತ್ತಿದ್ದಾರೆ. ಗಾಯಕಿಯರಿದ್ದಾರೆ, ಪಾರಿವಾಳ ಹಾರಿಸುವ ಜಾದೂಗಾರನಿದ್ದಾನೆ, ಹಂಸದ ಪುಕ್ಕ ಸುತ್ತಿಕೊಂಡು ಹಲ್ಲು ಕಿರಿದ ನಾನೂ ಇದ್ದೇನೆ. ರೋಸ್ಲಿನ್ ತನ್ನ ಅಪ್ಪನ ಫೋಟೋ ತೆಗೆದುಕೊಂಡು ಹೋದರೆ ಕ್ಲಬ್ಬಿನ ಅಧ್ಯಕ್ಷ ಆರ್ಚ್ ಮೋಫಟ್ ಅದನ್ನು ಮುಟ್ಟಲೂ ಇಲ್ಲವಂತೆ. "ಆ ಮುಖ ಈ ಗೋಡೆ ಮೇಲೆ ಬಂದ್ರೆ ನಾನು ಈ ಬಾಗಿಲಲ್ಲಿ ಕಾಲಿಡೋದಿಲ್ಲ" ಎಂದನಂತೆ. ಅವಳು ಅಲ್ಲೇ ನಿಂತು ಅತ್ತಳಂತೆ. ಆರ್ಚ್ ಕಲ್ಲಲ್ಲ. ಕೊನೆಗೆ ಅವನೇ ಹೇಳಿದ್ದು: ಗುರುವಾರ ಹನ್ನೊಂದಕ್ಕೆ ಸಮಿತಿ ಸೇರುತ್ತದೆ, ಅವತ್ತು ವೇದಿಕೆಯ ಮೇಲಿದ್ದವರಲ್ಲಿ ಬದುಕಿರುವವಳು ಡಲ್ಸಿ ಹ್ಯಾನ್‌ರಹಾನ್ ಒಬ್ಬಳೇ, ಅವಳು ಬಂದು ಏನಾದರೂ ಹೇಳುವುದಿದ್ದರೆ ಹೇಳಲಿ.

"ಅಪ್ಪ ಹೋದಾಗ ಒಂದೇ ಒಂದು ಕ್ಲಬ್ಬಿಂದ ಹೂವು ಬರ್ಲಿಲ್ಲ ಆಂಟಿ," ಎಂದಳು. "ಎಲ್ಲರೂ ಹೇಳೋದು ಒಂದೇ. ಸತ್ತ ಹುಡುಗನ ಮೇಲೆ, ಸತ್ತಿದ್ದಾನೆ ಅಂತ ಗೊತ್ತಿದ್ದೂ ಜೋಕ್ ಮಾಡಿದ್ರು ಅಂತ. ಗೊತ್ತಿತ್ತಾ ಅವರಿಗೆ? ಅಷ್ಟೇ ನನಗೆ ಬೇಕಾಗಿರೋದು. ಗೋಡೆ ಹಾಳಾಗಿ ಹೋಗ್ಲಿ."

"ಗುರುವಾರ ಬರ್ತೀನಿ," ಎಂದೆ. ಅವಳು ಹೋದ ಮೇಲೆ ಬೆಳಗಿನ ಪಾತ್ರೆಗಳನ್ನು ಎರಡು ಸಲ ತೊಳೆದೆ.

ಕ್ಲೆಮ್ ಲಿಥ್ಗೋದ ಕಲ್ಲಿದ್ದಲ ಗಣಿಯವನ ಮಗ. ಅಪ್ಪ, ಅಣ್ಣ, ಚಿಕ್ಕಪ್ಪ ಎಲ್ಲರೂ ಗಣಿಗೆ ಇಳಿದವರು. ಇವನು ಒಂದು ದಿನ ಇಳಿದು, ಮೇಲೆ ಬಂದು ವಾಂತಿ ಮಾಡಿಕೊಂಡು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹಳೆಯ ದೊಡ್ಡ ಯುದ್ಧದಲ್ಲಿ ಸೇನೆಗೆ ಸೇರಿದ್ದು ನಿಜ; ಮಾಡಿದ್ದು ನಮ್ಮ ದೇಶದ ಒಳಗೇ, ಬ್ಯಾಥರ್ಸ್ಟ್‌ನ ಗೋದಾಮಿನಲ್ಲಿ ಬೂಟುಗಳನ್ನು ಜೋಡಿ ಮಾಡುವ ಕೆಲಸ. ಅವನ ಬಾಯಲ್ಲಿ ಕೇಳಬೇಕು ಅದನ್ನು! ಎರಡು ಗ್ಲಾಸ್ ಬಿಯರ್ ಇಳಿದರೆ ಆ ಗೋದಾಮಿನ ಮೇಲೆ ಜಪಾನಿ ವಿಮಾನಗಳು ಬಂದುಬಿಡುತ್ತಿದ್ದವು. ಬಿಯರ್ ಮಾತ್ರ ಯಾವಾಗಲೂ ಇನ್ನೊಬ್ಬರದ್ದು. ನಮ್ಮ ಕಡೆ ನಾಲ್ವರು ಕೂತರೆ ಒಬ್ಬೊಬ್ಬರು ಒಂದೊಂದು ಸುತ್ತು ಕೊಡಿಸಬೇಕು, ಅದು ಹುಟ್ಟಿದ ಮಗುವಿಗೂ ಗೊತ್ತಿರುವ ಮರ್ಯಾದೆ. ಹನ್ನೊಂದು ವರ್ಷ ನೋಡಿದ್ದೇನೆ, ಅವನ ಸರದಿ ಬಂದಾಗಲೆಲ್ಲ ಅವನಿಗೆ ಮೂತ್ರಕ್ಕೆ ಅವಸರವಾಗುತ್ತಿತ್ತು.

ಹೊಟ್ಟೆಪಾಡು ಮಾತ್ರ ಕ್ಲಬ್ಬುಗಳಲ್ಲಿ. ಸಿಪಾಯಿಗಳ ಕ್ಲಬ್ಬು, ಗಣಿ ಕಾರ್ಮಿಕರ ಕ್ಲಬ್ಬು, ಬೌಲಿಂಗ್ ಕ್ಲಬ್ಬು. ಶುಕ್ರವಾರ ಒಂದು ಊರು, ಶನಿವಾರ ಇನ್ನೊಂದು. ವೇದಿಕೆಯ ಮೇಲೆ ನಮ್ಮ ಕೆಲಸ ಹೀಗೆ: ನಾನು ಏನೂ ಅರಿಯದ ಹುಡುಗಿಯಂತೆ ಕಣ್ಣರಳಿಸಿ ಒಂದು ಪೆದ್ದು ಪ್ರಶ್ನೆ ಕೇಳಬೇಕು, ಅವನು ಅದಕ್ಕೆ ಉತ್ತರ ಕೊಡಬೇಕು, ಜನ ನಗಬೇಕು. ಪ್ರಶ್ನೆ ಸರಿಯಾದ ಗಳಿಗೆಗೆ, ಸರಿಯಾದ ದನಿಯಲ್ಲಿ ಬೀಳದಿದ್ದರೆ ಉತ್ತರಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ನಗು ಬಂದಾಗ ಟೋಪಿ ಎತ್ತಿ ಬಾಗುತ್ತಿದ್ದವನು ಅವನೊಬ್ಬನೇ. ನನಗೆ ಕೊನೆಯಲ್ಲಿ ಒಂದು ಹಾಡು ಬಿಡುತ್ತಿದ್ದ, ನಾಯಿಗೆ ಮೂಳೆ ಎಸೆದ ಹಾಗೆ.

ಅವನ ಹತ್ತಿರ ಇದ್ದದ್ದು ಆರೇ ಜೋಕು. ಆ ಆರನ್ನೇ ಇಪ್ಪತ್ತು ವರ್ಷ ಓಡಿಸಿದ. ಹೇಗೆಂದರೆ, ಯಾವ ಕ್ಲಬ್ಬಿಗೆ ಹೋದರೂ ಆಟಕ್ಕೆ ಮುಂಚೆ ಅಲ್ಲಿಯ ಅಡಿಗೆಯವನನ್ನೋ ಕಾವಲಿನವನನ್ನೋ ಹಿಡಿದು ವಿಚಾರಿಸುತ್ತಿದ್ದ: ಇಲ್ಲಿ ಹೆಂಡತಿಗೆ ಹೆದರುವವನು ಯಾರು, ಕೈ ಬಿಗಿ ಯಾರದ್ದು, ನಿದ್ದೆಬುರುಕ ಯಾರು? ಹೆಸರುಗಳನ್ನು ಸಿಗರೇಟ್ ಪ್ಯಾಕಿನ ರಟ್ಟಿನ ಮೇಲೆ ಗೀಚಿ ಅಂಗೈಯಲ್ಲಿಟ್ಟುಕೊಳ್ಳುತ್ತಿದ್ದ. ಅದೇ ಜೋಕು, ಹೊಸ ಹೆಸರು. ತನ್ನ ಹೆಸರು ಮೈಕಿನಲ್ಲಿ ಕೇಳಿದರೆ ನಗದೆ ಇರುವ ಗಂಡಸನ್ನು ನಾನು ಕಂಡಿಲ್ಲ.

ಇನ್ನೊಂದು ಅಭ್ಯಾಸ. ಕ್ಲಬ್ಬಿನ ಹಾಲಿನಲ್ಲಿ ಅರ್ಧ ಜನ ನಮಗೆ ಬೆನ್ನು ಹಾಕಿ ಜೂಜಿನ ಯಂತ್ರದ ಹಿಡಿಕೆ ಎಳೆಯುತ್ತ ಕೂತಿರುತ್ತಾರೆ. ಆ ಗಡಗಡ ಸದ್ದಿನಲ್ಲಿ ಜೋಕು ಎಷ್ಟೋ ಸಲ ಯಾರ ಕಿವಿಗೂ ತಲುಪುವುದಿಲ್ಲ. ನಗು ಬರಲಿಲ್ಲವೆಂದರೆ ಕ್ಲೆಮ್ ನನ್ನ ಕಡೆ ತಿರುಗಿ ಎಡಹುಬ್ಬು ಏರಿಸುತ್ತಿದ್ದ. ಏನರ್ಥವೆಂದರೆ, ಪ್ರಶ್ನೆ ಮತ್ತೆ ಕೇಳು, ಇನ್ನೂ ಗಟ್ಟಿಯಾಗಿ. ನಾನು ಕೇಳುತ್ತಿದ್ದೆ, ಅವನು ಕಿರುಚುತ್ತಿದ್ದ, ಎರಡನೆಯ ಸಲಕ್ಕೆ ಹಾಲು ನಗುತ್ತಿತ್ತು. ಕ್ಲಬ್ಬಿನಲ್ಲಿ ಬೆಳೆದ ಎಲ್ಲ ನಗೆಗಾರರಿಗೂ ಈ ಚಟ ಇದೆ. ಜನ ನಗಲಿಲ್ಲ ಎಂದರೆ ಅವರಿಗೆ ಕೇಳಿಸಲಿಲ್ಲ ಎಂದೇ ಅವರ ಲೆಕ್ಕ.

ಮತ್ತೆ ಅವನ ಅರ್ಧ ಗಂಟೆ. ಆಟಕ್ಕೆ ಮುಂಚಿನ ಅರ್ಧ ಗಂಟೆ ಮಹಾರಾಜರ ಹತ್ತಿರ ಯಾರೂ ಸುಳಿಯುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಒಮ್ಮೆ ಮನೆಯಿಂದ ಫೋನ್ ಬಂತು, ಇದೇ ರೋಸ್ಲಿನ್ ಮರದಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಹೇಳಲು ಹೋದ ಮ್ಯಾನೇಜರನನ್ನು ಬಾಯಿಗೆ ಬಂದ ಹಾಗೆ ಬೈದು ಓಡಿಸಿದ. ಆಟ ಮುಗಿದ ಮೇಲೂ ಫೋನ್ ಮಾಡಲಿಲ್ಲ, ಯಾರೋ ಕೊಡಿಸಿದ ಬಿಯರ್ ಇನ್ನೂ ಉಳಿದಿತ್ತು. ಥೂ, ಅಪ್ಪನಂತೆ ಅಪ್ಪ!

ಸಾವಿರದ ಒಂಬೈನೂರ ಅರವತ್ತೊಂಬತ್ತರ ಮಾರ್ಚಿನಲ್ಲಿ ನಮ್ಮನ್ನು ವಿಯೆಟ್ನಾಮಿಗೆ ಕಳಿಸಿದರು. ಕ್ಲೆಮ್, ನಾನು, ವಾದ್ಯದವರು ನಾಲ್ಕು ಮಂದಿ. ಸಮುದ್ರದ ದಂಡೆಯ ವುಂಗ್ ಟಾವ್ ಎಂಬಲ್ಲಿ ಮಲಗುವುದು, ಬೆಳಗಾದರೆ ಒಳನಾಡಿನ ಶಿಬಿರಗಳಿಗೆ ಹೋಗಿ ಆಡುವುದು. ಹೆಲಿಕಾಪ್ಟರ್ ಹತ್ತಿದ ಕೂಡಲೇ ಕ್ಲೆಮ್ ಡ್ರಮ್ಮಿನ ಪೆಟ್ಟಿಗೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚುತ್ತಿದ್ದ. ಇಳಿದ ಕೂಡಲೇ ಸಿಪಾಯಿಗಳ ಮುಂದೆ ಎದೆಯುಬ್ಬಿಸಿ, "ಮೇಲಿಂದ ನೋಡಿದೆ, ಕೆಳಗೆ ಗುಂಡಿನ ಚಕಮಕಿ ನಡೀತಿತ್ತು" ಎನ್ನುತ್ತಿದ್ದ. ಅವರು ಇಪ್ಪತ್ತು ವರ್ಷದ ಹುಡುಗರು, ಅವನಿಗಿಂತ ಹೆಚ್ಚು ಕಂಡವರು. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಅವರ ಸೌಜನ್ಯ ಕಂಡು ನನಗೇ ನಾಚಿಕೆಯಾಗುತ್ತಿತ್ತು.

ಆ ದಿನ ರಬ್ಬರ್ ತೋಟದ ನಡುವಿನ ಒಂದು ಶಿಬಿರಕ್ಕೆ ಲಾರಿಯಲ್ಲಿ ಹೋಗುತ್ತಿದ್ದೆವು. ಕೆಂಪು ಧೂಳು ಹಲ್ಲಿನ ಸಂದಿಗೂ ಸೇರಿತ್ತು. ಕ್ಲೆಮ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಡಲ್ಸಿ, ಇವತ್ತು ನಿನ್ನ ಹಾಡು ಬೇಡ. ಊರಿಗೆ ಹೋದ್ಮೇಲೆ ನೀನೂ ಬೇಡ. ಹೊಸ ಹುಡುಗೀನ ಗೊತ್ತು ಮಾಡಿದೀನಿ, ಹತ್ತೊಂಬತ್ತು ವರ್ಷ."

"ಏನಂದೆ?"

"ಬೇಜಾರು ಮಾಡ್ಕೋಬೇಡ ಮಾರಾಯ್ತಿ. ಈ ಹುಡುಗರು ನಿನ್ನ ನೋಡಿದ್ರೆ ಅವರಮ್ಮನ್ನ ನೆನಸ್ಕೊಂಡು ಅಳ್ತಾರೆ. ನಗಿಸೋದು ನನಗೆ ಎಷ್ಟು ಕಷ್ಟ ಆಗುತ್ತೆ ಹೇಳು!"

ವಾದ್ಯದವರು ನಕ್ಕರು. ನನಗೆ ಆಗ ಮೂವತ್ತೊಂದು. ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ಅವನ ಕೊಳಕು ಕಾಲರು ತೊಳೆದುಕೊಟ್ಟಿದ್ದೇನೆ, ಅವನ ಹೆಂಡತಿಗೆ ಅವನ ಪರವಾಗಿ ಸುಳ್ಳು ಹೇಳಿದ್ದೇನೆ. ಉತ್ತರ ಕೊಡಲು ಬಾಯಿ ತೆಗೆದರೆ ಅತ್ತುಬಿಡುತ್ತೇನೆಂದು ಲಾರಿಯ ಹಿಂದಿನ ಧೂಳನ್ನೇ ನೋಡುತ್ತ ಕೂತೆ.

ಶಿಬಿರದ ಅಡಿಗೆಯ ಸಾರ್ಜೆಂಟನೇ ಈ ಆರ್ಚ್ ಮೋಫಟ್. ಆಗ ಕೆಂಪು ಕೂದಲಿನ, ಹೊಟ್ಟೆ ತುಂಬ ನಗುವ ಮನುಷ್ಯ. ಕ್ಲೆಮ್ ಅವನನ್ನು ಹಿಡಿದು ಹೆಸರು ಕೇಳಿದ, ನಾನು ಪಕ್ಕದಲ್ಲಿ ನಿಂತಿದ್ದೆ.

"ನಿದ್ದೆಬುರುಕ ಯಾರಪ್ಪಾ ಇಲ್ಲಿ?"

"ಕೇಳಬೇಕಾ? ನೋಯೆಲ್ ಗ್ಯಾಫ್ನಿ!" ಎಂದ ಆರ್ಚ್. "ಟೆಮೋರಾ ಕಡೆ ಗೋಧಿ ಬೆಳೆಯೋರ ಹುಡುಗ. ಫಿರಂಗಿ ಹಾರಿದ್ರೂ ಏಳೋಲ್ಲ. ನನ್ನ ತಟ್ಟೆ ಸದ್ದಾಯ್ತೋ, ಸಾಲಲ್ಲಿ ಮೊದಲು ಅವನೇ. ಈಗ ಗಸ್ತಿಗೆ ಹೋಗಿದಾನೆ, ಮಧ್ಯಾಹ್ನಕ್ಕೆ ಬರ್ತಾನೆ. ಅವನ ಹೆಸರು ಹಾಕಿ, ಹುಡುಗರು ಬಿದ್ದು ಬಿದ್ದು ನಗ್ತಾರೆ."

ಕ್ಲೆಮ್ ಬರೆದುಕೊಂಡ. ಹೋಗುವಾಗ ಆರ್ಚ್‌ನಿಂದ ಒಂದು ತಗಡಿನ ತಟ್ಟೆಯನ್ನೂ ಚಮಚವನ್ನೂ ಇಸಿದುಕೊಂಡ, ಜೋಕಿಗೆ ಬೇಕೆಂದು.

ಆಟ ಎರಡು ಗಂಟೆಗೆ. ಒಂದೂವರೆಗೆ ನಾನು ಡೇರೆಯಲ್ಲಿ ಒಂದು ಕಣ್ಣಿಗೆ ಸುಳ್ಳು ರೆಪ್ಪೆ ಅಂಟಿಸಿ ಇನ್ನೊಂದಕ್ಕೆ ಅಂಟು ಹಚ್ಚುತ್ತಿದ್ದಾಗ ಹೊರಗಿನಿಂದ ಯಾರೋ ಕೆಮ್ಮಿದರು. ಆರ್ಚ್. ಟೋಪಿ ಕೈಯಲ್ಲಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಮಿಸ್, ಆ ಹೆಸರು ತೆಗೀಬೇಕು. ಗ್ಯಾಫ್ನಿದು."

"ಯಾಕೆ?"

"ನೆಲದಲ್ಲಿ ಹೂತಿಟ್ಟ ಮೈನ್ ಮೇಲೆ ಕಾಲಿಟ್ಟ. ವಾಪಸ್ ಬರ್ತಾ, ಬೇಲಿ ಕಾಣಿಸೋವಷ್ಟು ಹತ್ತಿರದಲ್ಲಿ. ಹೋಗ್ಬಿಟ್ಟ ಮಿಸ್."

"ಹಾಗಾದ್ರೆ ಆಟ ಯಾಕೆ? ನಿಲ್ಲಿಸ್ತೀವಿ," ಎಂದೆ.

"ಮೇಜರ್ ನಡೀಲಿ ಅಂದ್ರು. ಹುಡುಗರು ಡೇರೆಯೊಳಗೆ ಸುಮ್ಮನೆ ಕೂತ್ರೆ ಇನ್ನೂ ಕಷ್ಟ. ಸ್ವಲ್ಪ ನಗಿಸಿ. ಆ ಒಂದು ಹೆಸರು ಮಾತ್ರ ಬೇಡ. ನಿಮ್ಮವರಿಗೆ ನಾನೇ ಹೇಳೋಣ ಅಂತ ಹೋದೆ, ಈಗ ಯಾರನ್ನೂ ನೋಡೋದಿಲ್ಲ ಅಂತ ನಿಮ್ಮ ಡ್ರಮ್ಮಿನವನು ತಡೆದ. ನೀವು ಹೇಳ್ತೀರಲ್ಲ?"

"ಹೇಳ್ತೀನಿ."

ಹೇಳಲೆಂದೇ ಹೋದೆ. ಅದು ಸತ್ಯ. ಕ್ಲೆಮ್ ತನ್ನ ಡೇರೆಯಲ್ಲಿ ಕನ್ನಡಿಯ ಮುಂದೆ ಕೂತು ತಲೆಗೆ ಎಣ್ಣೆ ಬಳಿಯುತ್ತಿದ್ದ. "ಕ್ಲೆಮ್," ಎಂದೆ. ತಿರುಗದೆ ಒಂದು ಬೆರಳು ಎತ್ತಿದ.

"ಅರ್ಧ ಗಂಟೆ, ಡಲ್ಸಿ. ಹನ್ನೊಂದು ವರ್ಷ ಆದ್ರೂ ತಲೆಗೆ ಹತ್ತಲಿಲ್ವಾ?"

"ಒಂದು ಮಾತು—"

"ಆಮೇಲೆ ಅಳು. ಹೋಗು, ಮುಖಕ್ಕೆ ಇನ್ನೊಂದು ಪದರ ಬಳ್ಕೋ. ಬೇಕಾಗುತ್ತೆ."

ಗ್ಯಾಫ್ನಿ ಸತ್ತ. ಎರಡೇ ಪದ. ಉಸಿರು ಬಿಡುವಷ್ಟು ಹೊತ್ತು ಸಾಕಿತ್ತು. ಕನ್ನಡಿಯಲ್ಲಿ ಅವನ ಎಣ್ಣೆ ಜಿಡ್ಡಿನ ತಲೆ ನೋಡುತ್ತ ನಿಂತೆ. ಆಮೇಲೆ, ಬೇಡವೇ? ಸರಿ, ಅನುಭವಿಸು ಅಂದುಕೊಂಡೆ. ಮುನ್ನೂರು ಜನರ ಮುಂದೆ ಒಂದು ಸಲ ಮಣ್ಣು ಮುಕ್ಕು. ಹಾಗಂದುಕೊಂಡೇ ಹೊರಗೆ ಬಂದೆ. ಮರೆತೆ ಎಂದು ಹೇಳಿಕೊಳ್ಳಲು ನನಗೆ ನಲವತ್ತೊಂದು ವರ್ಷ ಸಮಯವಿತ್ತು, ನನ್ನನ್ನೇ ನಂಬಿಸಲು ಆಗಲಿಲ್ಲ.

ಲಾರಿಯ ಹಿಂಬದಿಯೇ ವೇದಿಕೆ. ಮರಳು ಚೀಲ, ಮಗುಚಿದ ಪೆಟ್ಟಿಗೆಗಳ ಮೇಲೆ ಹುಡುಗರು ಕೂತಿದ್ದರು. ಗಸ್ತಿನಿಂದ ಬಂದವರು ಮುಂದಿನ ಸಾಲಿನಲ್ಲೇ ಇದ್ದರು. ಯಾರೋ ಅವರನ್ನು ಅಲ್ಲಿ ಕೂರಿಸಿದ್ದರು. ಮುಖ ತೊಳೆದಿದ್ದರು, ಕಿವಿಯ ಹಿಂದೆ ಮಣ್ಣು ಹಾಗೇ ಇತ್ತು. ಮೊದಲೆರಡು ಜೋಕಿಗೆ ನಕ್ಕರು. ಆ ಜೋಕುಗಳಿಗೆ ಅಷ್ಟು ನಗುವ ಅಗತ್ಯವಿರಲಿಲ್ಲ. ನಗಲೇಬೇಕೆಂದು ನಿರ್ಧರಿಸಿ ಬಂದವರಂತೆ ನಕ್ಕರು. ಕ್ಲೆಮ್‌ಗೆ ಅದೆಲ್ಲ ಎಲ್ಲಿ ತಿಳಿಯಬೇಕು? ಇವತ್ತು ನಾನು ಜೋರಾಗಿದ್ದೇನೆ ಎಂದುಕೊಂಡು ಕುಣಿದಾಡಿದ.

ಹೆಸರುಗಳ ಸರದಿ ಬಂತು. ತಟ್ಟೆ ಎತ್ತಿಕೊಂಡು ಅವನು ನನ್ನ ಕಡೆ ತಿರುಗಿದ. ಇಲ್ಲಿ ನನ್ನ ಪ್ರಶ್ನೆ ಬರಬೇಕು. ನಾನು ಬೇರೆ ಪ್ರಶ್ನೆ ಕೇಳಬಹುದಿತ್ತು. ಜಿಪುಣನ ಜೋಕಿಗೆ ಹಾರಿದ್ದರೆ ಅವನು ತಟ್ಟೆ ಕೆಳಗಿಟ್ಟು ಹಿಂದೆ ಬರುತ್ತಿದ್ದ, ಅಷ್ಟು ಪಳಗಿದ್ದೆವು. ಅಡಿಗೆ ಡೇರೆಯ ಪಕ್ಕ ಆರ್ಚ್ ಕೈಕಟ್ಟಿ ನಿಂತಿದ್ದ. ನಾನು ಹೇಳಿದ್ದೇನೆಂದು ನಂಬಿ ನಿರಾಳವಾಗಿ ನಿಂತಿದ್ದ.

"ಕ್ಲೆಮ್, ನನಗೊಬ್ಬ ಗಂಡ ಬೇಕಲ್ಲೋ!" ಎಂದೆ. "ಇಷ್ಟು ಜನರಲ್ಲಿ ತಂಟೆ ಮಾಡದೆ ತೆಪ್ಪಗೆ ಮಲಗೋನು ಯಾರಾದ್ರೂ ಇದ್ದಾನಾ?"

"ಇಲ್ಲದೆ ಏನು! ನೋಯೆಲ್ ಗ್ಯಾಫ್ನಿ! ಇಲ್ಲೇ ಎಲ್ಲೋ ಬಿದ್ಕೊಂಡಿರ್ತಾನೆ. ಅಲುಗಾಡಿಸಿದ್ರೆ ಏಳಲ್ಲ, ತಟ್ಟೆ ಬಡಿ, ಎದ್ದು ಬರ್ತಾನೆ!" ಟಣ್ ಟಣ್ ಟಣ್ ಎಂದು ತಟ್ಟೆ ಬಡಿದ.

ಯಾರೂ ಅಲುಗಾಡಲಿಲ್ಲ. ಲಾರಿಯ ಹಿಂದೆ ಜನರೇಟರ್ ಒಂದೇ ಸದ್ದು ಮಾಡುತ್ತಿತ್ತು. ಕ್ಲೆಮ್ ಜನರೇಟರಿನ ಕಡೆ ನೋಡಿದ, ಜನರ ಕಡೆ ನೋಡಿದ, ಆಮೇಲೆ ನನ್ನ ಕಡೆ ತಿರುಗಿ ಎಡಹುಬ್ಬು ಏರಿಸಿದ.

ಅವರಿಗೆ ಕೇಳಿಸಲಿಲ್ಲ ಎಂದುಕೊಂಡಿದ್ದ, ಪೆದ್ದ.

ಮೊದಲ ಸಲದ್ದನ್ನು ಹೊಟ್ಟೆಯುರಿಯ ಮೇಲೆ ಹಾಕಿಬಿಡಬಹುದು. ಎರಡನೆಯ ಸಲ ನನಗೆ ಎಲ್ಲ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗನ ಗದ್ದ ನಡುಗುತ್ತಿತ್ತು, ಅದನ್ನು ನಿಲ್ಲಿಸಲು ಅವನು ಕೈಯಿಂದ ಒತ್ತಿ ಹಿಡಿದಿದ್ದ. ಅವನನ್ನು ನೋಡುತ್ತಲೇ ನಾನು ಮತ್ತೆ ಕೇಳಿದೆ, ಇನ್ನೂ ಗಟ್ಟಿಯಾಗಿ, ಪದ ಪದ ಬಿಡಿಸಿ: "ಕ್ಲೆಮ್, ನನಗೊಬ್ಬ ಗಂಡ ಬೇಕಲ್ಲೋ!" ಅವನು ಕಿರುಚಿದ. ತಟ್ಟೆ ನಗ್ಗಿಹೋಗುವ ಹಾಗೆ ಬಡಿದ.

ಆ ಹುಡುಗ ಎದ್ದು ನಿಂತ. ಬೈಯಲಿಲ್ಲ, ಏನನ್ನೂ ಎಸೆಯಲಿಲ್ಲ. ತಿರುಗಿ ನಮಗೆ ಬೆನ್ನು ಹಾಕಿ ನಿಂತ. ಅವನ ಪಕ್ಕದವನು ನಿಂತ. ಆಮೇಲೆ ಇಡೀ ಸಾಲು, ಹಿಂದಿನ ಸಾಲು, ಕೊನೆಗೆ ಮುನ್ನೂರು ಜನ. ಕ್ಲೆಮ್ ಇದನ್ನೂ ಹುಡುಗಾಟವೆಂದು ತಿಳಿದು, "ಏನ್ರಪ್ಪಾ, ಮುಖಕ್ಕಿಂತ ನಿಮ್ಮ ಹಿಂಭಾಗವೇ ವಾಸಿ!" ಎಂದ. ಆಗ ಮೇಜರ್ ಲಾರಿ ಹತ್ತಿ ಬಂದು ಅವನ ಕಿವಿಯಲ್ಲಿ ಏನೋ ಹೇಳಿ ಮೈಕ್ ಕಿತ್ತುಕೊಂಡರು.

ಲಾರಿಯ ಹಿಂದೆ ಆರ್ಚ್ ಅವನ ಕಾಲರ್ ಹಿಡಿದು ಚಕ್ರಕ್ಕೆ ಒತ್ತಿದ. "ನಿನಗೆ ಹೇಳಿ ಕಳಿಸಿದ್ನಲ್ಲೋ, ದರಿದ್ರದವನೇ! ಈಕೆ ಹೇಳಲಿಲ್ವಾ ನಿನಗೆ?"

ಕ್ಲೆಮ್ ನನ್ನನ್ನು ನೋಡಿದ. ಬೆವರಿಗೆ ಪೌಡರ್ ಕರಗಿ ಗದ್ದಕ್ಕೆ ಇಳಿಯುತ್ತಿತ್ತು. ಡೇರೆಯ ಬಾಗಿಲಲ್ಲಿ ನಾನು ಯಾಕೆ ನಿಂತಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಹೊಳೆದದ್ದು ನನಗೆ ಕಾಣಿಸಿತು. ಈಗ ಹೇಳುತ್ತಾನೆ, ಇವಳು ಏನೂ ಹೇಳಲಿಲ್ಲ ಎನ್ನುತ್ತಾನೆ ಎಂದು ಕಾದೆ. ಹನ್ನೊಂದು ವರ್ಷದಲ್ಲಿ ಅವನು ಒಂದು ತಪ್ಪನ್ನಾದರೂ ತನ್ನದೆಂದು ಒಪ್ಪಿದ್ದು ನಾನು ಕಂಡಿರಲಿಲ್ಲ.

"ಹೇಳಿದ್ಲು," ಎಂದ ಕ್ಲೆಮ್. "ಬಾಯಿ ತಪ್ಪಿ ಬಂತು ಸಾರ್ಜೆಂಟ್."

"ಎರಡು ಸಲವಾ?"

"ಎರಡು ಸಲ."

ಆರ್ಚ್ ಅವನನ್ನು ಬಿಟ್ಟು, ಅವನನ್ನು ಮುಟ್ಟಿದ ಕೈಯನ್ನು ತನ್ನ ಚಡ್ಡಿಗೆ ಒರೆಸಿಕೊಂಡು ಹೋದ.

ಅವನು ಯಾಕೆ ಹಾಗಂದ? ಒಳ್ಳೆಯತನ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಜಂಬ ಎಂದೇ ನಂಬಿಕೊಂಡೆ. ಪ್ರಶ್ನೆ ಕೇಳುವ ಹೆಂಗಸು ಕ್ಲೆಮ್ ಡಾಬ್ಸ್‌ನನ್ನು ಬೇಸ್ತು ಬೀಳಿಸಿದಳು ಎಂದು ಕ್ಲಬ್ಬು ಕ್ಲಬ್ಬಿನಲ್ಲಿ ಜನ ಆಡಿಕೊಳ್ಳುವುದಕ್ಕಿಂತ, ಕ್ಲೆಮ್ ಡಾಬ್ಸ್ ಪಶು ಎನ್ನಿಸಿಕೊಳ್ಳುವುದೇ ಅವನಿಗೆ ವಾಸಿಯಾಗಿರಬೇಕು. ಹಾಗೆ ನಂಬಿದರೆ ನನಗೂ ನಿದ್ದೆ ಬರುತ್ತಿತ್ತು. ಆಮೇಲೆ ಅವನು ಯಾವತ್ತೂ ಆ ದಿನದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಒಂದು ಸಲವೂ.

ಹುಡುಗರು ಊರಿಗೆ ಬಂದರು, ಕ್ಲಬ್ಬುಗಳ ಸದಸ್ಯರಾದರು. ಒಂದೊಂದೇ ಕ್ಲಬ್ಬಿನ ಕಾರ್ಯದರ್ಶಿ ಕ್ಲೆಮ್‌ಗೆ, ಆ ದಿನ ಖಾಲಿಯಿಲ್ಲ, ಈ ದಿನ ಖಾಲಿಯಿಲ್ಲ ಎನ್ನತೊಡಗಿದ. ಎರಡು ವರ್ಷದಲ್ಲಿ ಅವನಿಗೆ ನಿಲ್ಲಲು ವೇದಿಕೆಯೇ ಉಳಿಯಲಿಲ್ಲ. ಆ ಹತ್ತೊಂಬತ್ತರ ಹುಡುಗಿ ಬರಲೇ ಇಲ್ಲ, ಯಾಕೆ ಬರುತ್ತಾಳೆ? ಹೋಟೆಲೊಂದರಲ್ಲಿ ಲಾಟರಿ ಚೀಟಿಯ ನಂಬರ್ ಕೂಗುವ ಕೆಲಸ ಮಾಡಿದ, ಶಾಲೆಯ ಬಸ್ಸು ಓಡಿಸಿದ, ಡಿಸೆಂಬರ್ ಬಂದರೆ ಅಂಗಡಿಯಲ್ಲಿ ಹತ್ತಿಯ ಗಡ್ಡ ಕಟ್ಟಿಕೊಂಡು ಕ್ರಿಸ್‌ಮಸ್ ತಾತನಾಗಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಒಮ್ಮೆ ಹಾಗೆ ಕೂತಿದ್ದನ್ನು ಗಾಜಿನ ಆಚೆಯಿಂದ ಕಂಡು ನಾನು ರಸ್ತೆ ದಾಟಿ ಆ ಕಡೆಯಿಂದ ಹೋದೆ. ಅಲ್ಲೂ ಮಕ್ಕಳು ನಗದ ಜೋಕನ್ನು ಅವನು ಎರಡು ಸಲ ಹೇಳಿರುತ್ತಾನೆ, ನನಗೆ ಸಂಶಯವೇ ಇಲ್ಲ.

ನನಗೇನಾಯಿತು? ಏನೂ ಆಗಲಿಲ್ಲ. ಇನ್ನೊಬ್ಬ ನಗೆಗಾರ ಕರೆದ, ಅವನ ಜೊತೆ ಇಪ್ಪತ್ತು ವರ್ಷ ಆಡಿದೆ. ಆರ್ಚ್ ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಗೆ ಸೇರಿ ಇಲ್ಲೇ ನೆಲೆನಿಂತ. ಪ್ರತಿ ವರ್ಷ ಏಪ್ರಿಲ್ ಇಪ್ಪತ್ತೈದರ ಸೈನಿಕರ ದಿನದ ಮೆರವಣಿಗೆ ಮುಗಿದ ಮೇಲೆ ಕ್ಲಬ್ಬಿನಲ್ಲಿ ನನಗೊಂದು ಗ್ಲಾಸ್ ಬಿಯರ್ ಕೊಡಿಸಿ, "ನೀನು ಮಾಡಬೇಕಾದ್ದು ಮಾಡಿದೆ ಡಲ್ಸಿ, ಆ ಹಂದಿಗೆ ಬುದ್ಧಿ ಇರ್ಲಿಲ್ಲ" ಎನ್ನುತ್ತಿದ್ದ. ಪ್ರತಿ ವರ್ಷ ಅದನ್ನು ಕುಡಿದೆ.

ಗುರುವಾರ ರೋಸ್ಲಿನ್ ಕಾರು ತಂದಳು. ದಾರಿಯಲ್ಲಿ ಹವೆಯ ಬಗ್ಗೆ ಮಾತಾಡಿದಳು, ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡೇ ಓಡಿಸಿದಳು. ಸಮಿತಿಯೆಂದರೆ ಏಳು ಮುದುಕರು, ಒಬ್ಬಳು ಮುದುಕಿ, ಮೇಜಿನ ಮೇಲೆ ಟೀ, ತೆಂಗಿನ ತುರಿ ಮೆತ್ತಿದ ಕೇಕು. ಆರ್ಚ್ ನನಗೆ ಕುರ್ಚಿ ಎಳೆದುಕೊಟ್ಟ.

"ಒಂದೇ ಪ್ರಶ್ನೆ ಡಲ್ಸಿ, ಬೇಗ ಮುಗಿಸೋಣ," ಎಂದ. "ಗ್ಯಾಫ್ನಿ ಹೋದ ಅಂತ ಆಟಕ್ಕೆ ಮುಂಚೆ ನೀನು ಅವನಿಗೆ ಹೇಳಿದ್ದೆ, ಹೌದು ತಾನೆ?"

ಹೌದು ಎಂದರೆ ಮುಗಿಯಿತು. ಕ್ಲೆಮ್ ತಾನೇ ಒಪ್ಪಿಕೊಂಡು ಹೋಗಿದ್ದಾನೆ. ಅವನಂಥವನಿಗಾಗಿ ನಾನು ಈ ವಯಸ್ಸಿನಲ್ಲಿ ಮರ್ಯಾದೆ ಕಳೆದುಕೊಳ್ಳಬೇಕೇ ಎಂದು, ಬಾಯಿ ತೆರೆಯುವ ಗಳಿಗೆಯವರೆಗೂ, ಯೋಚಿಸುತ್ತಲೇ ಇದ್ದೆ. ರೋಸ್ಲಿನ್ ಗೋಡೆಗೆ ಒರಗಿ ನಿಂತಿದ್ದಳು. ಅಪ್ಪನ ಮೂಗೇ ಅವಳಿಗೂ ಬಂದಿದೆ, ಪಾಪ.

"ಇಲ್ಲ ಆರ್ಚ್. ಹೇಳಲಿಲ್ಲ."

"ಮರೆತ್ಯಾ?"

"ಮರೀಲಿಲ್ಲ. ಹೇಳೋಕೆ ಹೋದೆ, ಅವನು ಅವಮಾನ ಮಾಡಿದ. ಬೀಳಲಿ ಅಂತ ಬಿಟ್ಟೆ. ಎರಡನೇ ಸಲ ಪ್ರಶ್ನೆ ಕೇಳಿದ್ದೂ ಗೊತ್ತಿದ್ದೇ ಕೇಳಿದ್ದು. ಕ್ಲೆಮ್‌ಗೆ ಏನೂ ಗೊತ್ತಿರಲಿಲ್ಲ."

ಯಾರದೋ ಚಮಚ ಬಟ್ಟಲಿಗೆ ತಾಗಿತು. ಆರ್ಚ್ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಅವನ್ನೇ ನೋಡುತ್ತ ಕೂತ. "ನಾನು ಅವನ ಕಾಲರ್ ಹಿಡಿದೆ," ಎಂದ. ಆಮೇಲೆ ತಲೆ ಎತ್ತಿ, "ನಲವತ್ತು ವರ್ಷ ನನ್ನ ಕೈಯಿಂದ ಇಸ್ಕೊಂಡು ಕುಡಿದ್ಯಲ್ಲೇ ಡಲ್ಸಿ! ಹೇಗೆ ಇಳೀತು ಅದು ಗಂಟಲಲ್ಲಿ?" ಎಂದ.

"ಸಲೀಸಾಗಿ ಇಳೀತು," ಎಂದೆ. ಸುಳ್ಳು ಹೇಳಿ ಸಾಕಾಗಿತ್ತು.

ಅವನು ಎದ್ದು ರೋಸ್ಲಿನ್ ಹತ್ತಿರ ಹೋಗಿ ಎರಡೂ ಕೈ ಚಾಚಿ, "ಫೋಟೋ ಕೊಡಮ್ಮಾ," ಎಂದ.

ನಾನು ಹೊರಗೆ ಬಂದು ಕಾರಿನ ಪಕ್ಕ ನಿಂತೆ. ಸ್ವಲ್ಪ ಹೊತ್ತಿಗೆ ರೋಸ್ಲಿನ್ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ಚೆನ್ನಾಗಿತ್ತು. ಬೀಗದ ಕೈ ಹುಡುಕುತ್ತ, ನನ್ನ ಮುಖ ನೋಡದೆ ಮಾತಾಡಿದಳು.

"ಕೊನೇಲಿ ಆಸ್ಪತ್ರೇಲಿ ಅಪ್ಪನಿಗೆ ಯಾರ ಹೆಸರೂ ನೆನಪಿರ್ಲಿಲ್ಲ. ಅಮ್ಮಂದು ಇಲ್ಲ, ನಂದೂ ಇಲ್ಲ. ನಿಮ್ಮದೊಂದೇ ಇತ್ತು. ನರ್ಸುಗಳಿಗೆಲ್ಲ ಹೇಳ್ತಿದ್ರು, ಡಲ್ಸಿ ಒಂದು ದಿನವೂ ಒಂದು ಪ್ರಶ್ನೆನೂ ತಪ್ಪಿಸಿದವಳಲ್ಲ, ಹುಬ್ಬು ಏರಿಸಿದ್ರೆ ಸಾಕು, ಮತ್ತೆ ಕೇಳೋಳು ಅಂತ. ಹೊಗಳ್ತಿದ್ದಾರೆ ಅಂದ್ಕೊಂಡು ನಾನು ನಿಮ್ಮನೆ ಹುಡುಕ್ಕೊಂಡು ಬಂದೆ."

ಕಾರಿನ ಬಾಗಿಲು ಹಾಕಿಕೊಂಡಳು. ನಾನು ಬಸ್ಸಿಗೆ ಕಾದೆ.